ತಣ್ಣಗಿರುವ ಇಂಜಿನು ಹೇಳುವ ಸತ್ಯ

ಕೋಟದಲ್ಲಿ ಚಳಿ ಎಂಬುದು ಬಹುಮಟ್ಟಿಗೆ ಮಾತಿನಲ್ಲಷ್ಟೇ ಇರುವ ಸಂಗತಿ. ಪಡುಗಡಲು ಹತ್ತಿರದಲ್ಲಿಯೇ ಇರುವ ಈ ಊರಿನಲ್ಲಿ ಡಿಸೆಂಬರ್, ಜನವರಿಗಳ ಬೆಳಗಿನ ಜಾವದಲ್ಲಿಯೂ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಿರಿಯರು ತಲೆಗೊಂದು ಮುಂಡಾಸು ಸುತ್ತಿಕೊಂಡರೆ ಚಳಿಗಾಲದ ಸಿದ್ಧತೆ ಮುಗಿಯಿತು. ಆದರೆ ಇದೇ ಊರಿನ ಹೆದ್ದಾರಿಯ ಬದಿಯಲ್ಲಿ ರಾತ್ರಿಯಿಡೀ ನಿಂತ ಹಳೆಯ ಡೀಸೆಲ್ ಲಾರಿಗೆ ಅಷ್ಟು ಚಳಿಯೇ ಸಾಕಾಗುತ್ತದೆ. ಹಗಲಿನಲ್ಲಿ ಕೀಲಿ ತಿರುಗಿಸಿದೊಡನೆ ಎದ್ದು ನಿಲ್ಲುವ ಇಂಜಿನು ಮುಂಜಾನೆ ನಾಲ್ಕೂವರೆಗೆ ನರಳುತ್ತದೆ, ಕೆಮ್ಮುತ್ತದೆ, ಬಿಳಿಯ ಹೊಗೆಯನ್ನು ಉಗುಳಿ ಮತ್ತೆ ಸುಮ್ಮನಾಗುತ್ತದೆ. ಆ ಹತ್ತು ನಿಮಿಷಗಳ ನರಳಾಟದಲ್ಲಿ ಶ್ರಾವಕಾಚಾರಕ್ಕೆ ಸಂಬಂಧಿಸಿದ ಎಷ್ಟು ಪ್ರಶ್ನೆಗಳು ಅಡಗಿವೆ ಎಂಬುದನ್ನು ಲಾರಿಯನ್ನಿಟ್ಟುಕೊಂಡ ಗೃಹಸ್ಥರು ಯೋಚಿಸುವುದು ಅಪರೂಪ.

ಮೊದಲು ಯಂತ್ರದ ಸ್ವಭಾವವನ್ನು ತಿಳಿಯಬೇಕು. ಪೆಟ್ರೋಲ್ ಇಂಜಿನಿನಲ್ಲಿ ವಿದ್ಯುತ್ತಿನ ಕಿಡಿಯು ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ ಇಂಜಿನಿನಲ್ಲಿ ಅಂತಹ ಕಿಡಿಯಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ 1892ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿ, 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಯಂತ್ರವು ಗಾಳಿಯನ್ನು ಅದುಮುವುದರಿಂದಲೇ ಬೆಂಕಿಯನ್ನು ಪಡೆಯುತ್ತದೆ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಅದರ ಮೊದಲಿನ ಗಾತ್ರದ ಸುಮಾರು ಹದಿನೇಳನೆಯ ಒಂದು ಪಾಲಿಗೆ ಇಳಿಸಿದಾಗ, ಇಂಜಿನು ಬಿಸಿಯಾಗಿದ್ದರೆ, ಆ ಗಾಳಿ 500 ಡಿಗ್ರಿಗೂ ಮೇಲೆ ಕಾಯುತ್ತದೆ. ಆ ಕ್ಷಣದಲ್ಲಿ ಸಣ್ಣ ಹನಿಗಳಾಗಿ ಸಿಂಪಡಿಸಲ್ಪಟ್ಟ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಇಂಜಿನು ತಣ್ಣಗಿದ್ದರೆ ಈ ಲೆಕ್ಕ ತಪ್ಪುತ್ತದೆ. ಅದುಮಿದ ಗಾಳಿಯ ಬಿಸಿಯನ್ನು ಸುತ್ತಲಿನ ಕಬ್ಬಿಣವೇ ಹೀರಿಕೊಳ್ಳುತ್ತದೆ. ರಾತ್ರಿಯಲ್ಲಿ ದಪ್ಪಗಾದ ಆಯಿಲ್ ಇಂಜಿನು ತಿರುಗುವುದನ್ನು ತಡೆಯುತ್ತದೆ. ಬ್ಯಾಟರಿಯ ರಾಸಾಯನಿಕ ಕ್ರಿಯೆಯೂ ಚಳಿಯಲ್ಲಿ ಮಂದವಾಗುವುದರಿಂದ ತಿರುಗಿಸುವ ಶಕ್ತಿ ಕುಂದುತ್ತದೆ. ನಿಧಾನವಾಗಿ ತಿರುಗಿದಷ್ಟೂ ಬಿಸಿ ಸೋರಿಹೋಗಲು ಹೆಚ್ಚು ಸಮಯ ಸಿಗುತ್ತದೆ. ಉರಿಯದ ಡೀಸೆಲ್ ಬಿಳಿಯ ಹೊಗೆಯಾಗಿ ಹೊರಗೆ ಬರುತ್ತದೆ.

ಹೊಸ ಲಾರಿಗೆ ಕೋಟದ ಚಳಿ ಒಂದು ಲೆಕ್ಕವೇ ಅಲ್ಲ. ಹಳೆಯದಕ್ಕೆ ಮಾತ್ರ ಅದು ಕಷ್ಟವಾಗುವುದೇಕೆ? ಪಿಸ್ಟನ್ನಿನ ರಿಂಗುಗಳೂ ಲೈನರುಗಳೂ ಸವೆದು, ಅದುಮಿದ ಗಾಳಿಯೇ ಸಂದಿಗಳಲ್ಲಿ ತಪ್ಪಿಸಿಕೊಳ್ಳುತ್ತದೆ. ಡೀಸೆಲ್ ಪೈಪಿನ ಸಡಿಲವಾದ ಜೋಡಣೆಗಳಲ್ಲಿ ರಾತ್ರಿ ಗಾಳಿ ಸೇರಿ, ಚಾಲಕರು ‘ಏರ್ ಹಿಡಿದಿದೆ’ ಎನ್ನುವ ಸ್ಥಿತಿ ಉಂಟಾಗುತ್ತದೆ. ನಾಜಲ್ಲುಗಳು ಸವೆದು ಹನಿಗಳು ದಪ್ಪವಾಗುತ್ತವೆ. ಇವೆಲ್ಲವೂ ಹಗಲಿನಲ್ಲಿಯೂ ಇರುವ ದೋಷಗಳೇ. ಆದರೆ ಬಿಸಿ ಇಂಜಿನಿನಲ್ಲಿ ಅವು ಕಾಣಿಸುವುದಿಲ್ಲ.

ಹಿಮಾಲಯದ ಕಡೆಯ ಕಷ್ಟ ಬೇರೆ ಬಗೆಯದು. ಅಲ್ಲಿ ಡೀಸೆಲಿನಲ್ಲಿರುವ ಮೇಣದ ಅಂಶವೇ ಹೆಪ್ಪುಗಟ್ಟಿ ಫಿಲ್ಟರನ್ನು ಮುಚ್ಚಿಬಿಡುತ್ತದೆ. ಅದಕ್ಕಾಗಿಯೇ ಇಂಡಿಯನ್ ಆಯಿಲ್ ಸಂಸ್ಥೆಯು 2019ರ ನವೆಂಬರಿನಲ್ಲಿ ಲಡಾಖಿಗೆಂದು, ಶೂನ್ಯಕ್ಕಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲನ್ನು ಹೊರತಂದಿತು. ಕರ್ನಾಟಕದ ಚಳಿಯಲ್ಲಿ ಡೀಸೆಲ್ ಹೆಪ್ಪುಗಟ್ಟುವುದಿಲ್ಲ. ಆದುದರಿಂದ ಇಲ್ಲಿ ಬೆಳಗ್ಗೆ ಏಳದ ಲಾರಿಯ ದೋಷವನ್ನು ಇಂಧನದ ಮೇಲಾಗಲಿ ಹವೆಯ ಮೇಲಾಗಲಿ ಹೊರಿಸುವಂತಿಲ್ಲ. ದೋಷ ಸವೆತದ್ದು. ಚಳಿಯು ಅದನ್ನು ಬಯಲಿಗೆ ತರುತ್ತದೆ, ಅಷ್ಟೇ.

ಕೋಟದ ಒಬ್ಬ ಶ್ರಾವಕ ವ್ಯಾಪಾರಿಗಳ ಬಳಿ 1988ರಲ್ಲಿ ಕೊಂಡ ಟಾಟಾ ಲಾರಿಯೊಂದಿತ್ತು. ಟೆಲ್ಕೊ ಸಂಸ್ಥೆಯು 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಲ್ಲಿ ಲಾರಿಗಳನ್ನು ತಯಾರಿಸಿದ್ದರಿಂದ, ಸಹಯೋಗ ಮುಗಿದು ಎಷ್ಟೋ ವರ್ಷಗಳಾದ ಮೇಲೂ ಊರಿನ ಹಿರಿಯರ ಬಾಯಲ್ಲಿ ಅದು ‘ಬೆಂಜ್ ಲಾರಿ’ಯೇ ಆಗಿತ್ತು. ಕುಚ್ಚಲಕ್ಕಿ, ತೆಂಗಿನಕಾಯಿ, ಹಂಚುಗಳನ್ನು ಹೇರಿಕೊಂಡು ಅದು ಕುಂದಾಪುರ, ಸಿದ್ದಾಪುರ, ಹೊಸಂಗಡಿಗಳ ಮಾರ್ಗವಾಗಿ ಹುಲಿಕಲ್ ಘಾಟಿಯನ್ನೇರಿ ಹೊಸನಗರ, ಶಿವಮೊಗ್ಗಗಳಿಗೆ ಹೋಗುತ್ತಿತ್ತು. ಕರಾವಳಿಯಲ್ಲಿ ಲಾರಿಗೆ ಸುಲಭವಾಗಿ ಸಿಗುವ ಬಾಡಿಗೆ ಮೀನಿನದು. ಅದನ್ನು ಅವರು ಒಪ್ಪಿದವರಲ್ಲ. ಹೀಗಾಗಿ ತಿಂಗಳಿನಲ್ಲಿ ಎಷ್ಟೋ ದಿನ ಲಾರಿ ಅಂಗಡಿಯ ಪಕ್ಕದ ಓಣಿಯಲ್ಲಿ ಸುಮ್ಮನೆ ನಿಂತಿರುತ್ತಿತ್ತು. ನಿಂತ ಲಾರಿ ಇನ್ನಷ್ಟು ಕಷ್ಟದಿಂದ ಏಳುತ್ತದೆ ಎಂಬುದು ಚಾಲಕರೆಲ್ಲರಿಗೂ ಗೊತ್ತು.

ಬಾಡಿಗೆಗೆ ವಾಹನವನ್ನು ಓಡಿಸುವುದು ಶ್ರಾವಕನಿಗೆ ಸಲ್ಲುವುದೇ ಎಂಬ ಪ್ರಶ್ನೆ ಇಂದಿನದಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ 15 ಖರಕರ್ಮಗಳ ಪ್ರಸ್ತಾಪ ಬರುತ್ತದೆ. ವನಜೀವಿಕೆ, ಅಗ್ನಿಜೀವಿಕೆಗಳೊಡನೆ ಬಂಡಿಯಿಂದ ನಡೆಯುವ ಶಕಟಜೀವಿಕೆಯೂ ಬಾಡಿಗೆಯ ಹೇರಿನಿಂದ ನಡೆಯುವ ಭಾಟಕಜೀವಿಕೆಯೂ ಅದರಲ್ಲಿವೆ. ಹೇರೆತ್ತುಗಳ ಬೆನ್ನ ಮೇಲೆ ಅಕ್ಕಿ, ಉಪ್ಪುಗಳು ಘಾಟಿಯನ್ನೇರಿ, ಅಡಿಕೆ, ಮೆಣಸುಗಳು ಬಾರ್ಕೂರು, ಬಸರೂರುಗಳ ಪೇಟೆಗೆ ಇಳಿಯುತ್ತಿದ್ದ ಕಾಲದಲ್ಲಿ ಆ ಮಾತಿನ ಅರ್ಥ ಕಣ್ಣಿಗೆ ಕಾಣುವಂತಹದು. ಎತ್ತಿನ ಹೆಗಲು ಹುಣ್ಣಾಗುವುದನ್ನು ಕಂಡವನಿಗೆ ಬೇರೆ ವ್ಯಾಖ್ಯಾನ ಬೇಕಿರಲಿಲ್ಲ. ಲಾರಿಗೆ ಹೆಗಲಿಲ್ಲ, ನೋವಿಲ್ಲ. ಆದುದರಿಂದ ಅತಿಭಾರಾರೋಪಣವೆಂಬ ಅತಿಚಾರ ಲಾರಿಯ ಕಾಲಕ್ಕೆ ತೀರಿಹೋಯಿತೆಂದು ಕೆಲವರು ಭಾವಿಸುತ್ತಾರೆ. ಆದರೆ ಭಾರವು ಕಬ್ಬಿಣದ ಮೇಲೆ ಬಿದ್ದಾಗ ಅದರ ಫಲ ಬೇರೆಯವರ ಮೇಲೆ ಬೀಳುತ್ತದೆ. ಹದ ಮೀರಿ ಹೇರಿಸಿಕೊಂಡು ಘಾಟಿಯೇರಿದ ಇಂಜಿನಿನ ರಿಂಗು ಬೇಗ ಸವೆಯುತ್ತದೆ. ರಿಂಗು ಸವೆದ ಲಾರಿಯನ್ನು ಚಳಿಯಲ್ಲಿ ಎಬ್ಬಿಸಲು ಚಾಲಕನೂ ಕ್ಲೀನರನೂ ನಿದ್ರೆಗೆಟ್ಟು ಒಂದು ಗಂಟೆ ಮೊದಲೇ ಏಳಬೇಕಾಗುತ್ತದೆ. 1961ರಲ್ಲಿ ಬಂದ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆಯ ದುಡಿಮೆ ಎಂದು ಬರೆಯಿತು. ಲಾರಿಯನ್ನು ಎಬ್ಬಿಸುವ ಈ ಒಂದು ಗಂಟೆಯನ್ನು ಯಾವ ಮಾಲೀಕನ ಪುಸ್ತಕವೂ ದುಡಿಮೆಯೆಂದು ಬರೆದುಕೊಂಡಂತೆ ಕಾಣುವುದಿಲ್ಲ.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಕ್ರಮ ಎಲ್ಲ ಶ್ರಾವಕರಿಗೂ ತಿಳಿದದ್ದೇ. ಗೃಹಸ್ಥನು ಜೀವನೋಪಾಯಕ್ಕಾಗಿ ಮಾಡುವ ಕೆಲಸದಲ್ಲಿ ತಪ್ಪಿಸಲಾಗದ ಹಿಂಸೆ ಉದ್ಯೋಗೀ ಹಿಂಸೆ. ಲಾರಿ ಓಡುವಾಗ ಆಗುವ ಹಿಂಸೆಯ ಬಹುಭಾಗ ಈ ಗುಂಪಿಗೆ ಸೇರುತ್ತದೆಂದು ಹೇಳಿ ಸಮಾಧಾನಪಟ್ಟುಕೊಳ್ಳುವುದು ಸುಲಭ. ಆದರೆ ತಪ್ಪಿಸಬಹುದಾದದ್ದನ್ನು ತಪ್ಪಿಸದೆ ಇದ್ದಾಗ ಅದು ಉದ್ಯೋಗದ ಹೆಸರಿನಲ್ಲಿ ನಡೆದ ಪ್ರಮಾದವಾಗುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಲ್ಲಿ, ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು ಮೊದಲಾದವುಗಳನ್ನು ಪ್ರಮಾದಚರ್ಯೆ ಎಂದು ಗಣಿಸಲಾಗಿದೆ. ಪ್ರಯೋಜನ ಎಲ್ಲಿ ಮುಗಿಯಿತು, ಪ್ರಮಾದ ಎಲ್ಲಿ ಮೊದಲಾಯಿತು ಎಂಬ ಗೆರೆಯನ್ನು ಗುರುತಿಸುವುದೇ ವ್ರತಿಯ ಕೆಲಸ. ಚಳಿಯ ಬೆಳಗಿನಲ್ಲಿ ಲಾರಿಯ ಮುಂದೆ ನಿಂತವನಿಗೆ ಈ ಗೆರೆ ಸಾಕಷ್ಟು ಸ್ಪಷ್ಟವಾಗಿಯೇ ಕಾಣುತ್ತದೆ.

ಆ ವ್ಯಾಪಾರಿಗಳ ಲಾರಿಯ ಚಾಲಕ ಶಾಸ್ತ್ರ ಓದಿದವನಲ್ಲ, ಜೈನನೂ ಅಲ್ಲ. ಆದರೂ ಅವನ ಬೆಳಗಿನ ಕ್ರಮವನ್ನು ಕಂಡವರು ಸಮಿತಿಯ ಪಾಲನೆ ಹೇಗಿರಬೇಕೆಂಬುದನ್ನು ಕಲಿಯಬಹುದಾಗಿತ್ತು. ಕೀಲಿಯನ್ನು ಮುಟ್ಟುವ ಮೊದಲು ಅವನು ಕ್ಲೀನರನನ್ನು ಕೇಳುತ್ತಿದ್ದುದು ಒಂದೇ ಮಾತು: “ಅಡಿಗ್ ಕಂಡ್ಯಾ ಮಾಣಿ?” ಹುಡುಗನು ಟಾರ್ಚು ಹಿಡಿದು ನಾಲ್ಕೂ ಕಡೆಯಿಂದ ಬಗ್ಗಿ ನೋಡಿ, “ಕಂಡೆ ಅಣ್ಣ” ಎಂದ ಮೇಲೆಯೇ ಮುಂದಿನ ಕೆಲಸ. ಚಳಿಯ ರಾತ್ರಿಯಲ್ಲಿ ನಾಯಿ, ಬೆಕ್ಕುಗಳು ಸಂಜೆ ಬಂದು ನಿಂತ ಲಾರಿಯ ಬಿಸಿಯನ್ನು ಹುಡುಕಿಕೊಂಡು ಅದರ ಅಡಿಯಲ್ಲಿ, ಚಕ್ರಗಳ ನಡುವೆ ಮಲಗುತ್ತವೆ. ಬೆಕ್ಕಿನ ಮರಿಗಳು ಬಾನೆಟ್ಟಿನೊಳಗೆ, ಫ್ಯಾನಿನ ಬೆಲ್ಟಿನ ಬಳಿಗೂ ಸೇರುವುದುಂಟು. ಬಗ್ಗಿ ನೋಡಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ಕೊಡದೆ ಕೀಲಿ ತಿರುಗಿಸಿದವನ ಲಾರಿಯ ಅಡಿಯಲ್ಲಿ ಅಂದು ಯಾವ ಪ್ರಾಣಿಯೂ ಇರದಿರಬಹುದು. ಆದರೂ ಪ್ರಮಾದ ನಡೆದುಹೋಗಿರುತ್ತದೆ. ಪ್ರಾಣಿ ಸಾಯಲಿಲ್ಲವೆಂಬುದು ಅವನ ಪುಣ್ಯಕ್ಕೆ ಸೇರಿದ ಸಂಗತಿಯಲ್ಲ.

ಬಳಿಕ ಅವನು ಕೈಪಂಪನ್ನು ಒತ್ತಿ ಪೈಪಿನಲ್ಲಿದ್ದ ಗಾಳಿಯನ್ನು ಹೊರಹಾಕುತ್ತಿದ್ದನು. ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊತ್ತು ಸೆಲ್ಫ್ ಹೊಡೆಯುತ್ತಿರಲಿಲ್ಲ. ಏಳದಿದ್ದರೆ ಒಂದು ನಿಮಿಷ ಕೈಕಟ್ಟಿ ನಿಲ್ಲುತ್ತಿದ್ದನು. ಆ ಬಿಡುವಿನಲ್ಲಿ ಬ್ಯಾಟರಿ ಚೇತರಿಸಿಕೊಳ್ಳುತ್ತದೆ, ಸೆಲ್ಫ್ ಮೋಟಾರು ತಣಿಯುತ್ತದೆ. ಆತುರಪಟ್ಟು ಒಂದೇ ಸಮನೆ ಹೊಡೆದವನ ಬ್ಯಾಟರಿ ಐದು ನಿಮಿಷದಲ್ಲಿ ಬರಿದಾಗುತ್ತದೆ, ಆಮೇಲೆ ಹತ್ತು ಮಂದಿಯನ್ನು ನಿದ್ದೆಯಿಂದೆಬ್ಬಿಸಿ ಲಾರಿಯನ್ನು ದೂಡಿಸಬೇಕಾಗುತ್ತದೆ. ಇಂಜಿನು ಎದ್ದ ಮೇಲೆಯೂ ಅದನ್ನು ಓಣಿಯಲ್ಲಿ ಅರ್ಧ ಗಂಟೆ ಸುಮ್ಮನೆ ಉರಿಸುವ ಪದ್ಧತಿ ಅನೇಕರಲ್ಲಿದೆ. ಅದು ಬೇಕಾಗಿಲ್ಲ. ಆಯಿಲ್ ಮೇಲೇರಿ, ಗಾಳಿಯ ಬ್ರೇಕಿದ್ದಲ್ಲಿ ಅದರ ಒತ್ತಡ ಮುಳ್ಳಿನಲ್ಲಿ ಕಾಣಿಸಿಕೊಂಡರೆ, ಮೆಲ್ಲನೆ ಓಡಿಸುತ್ತಲೇ ಇಂಜಿನನ್ನು ಕಾಯಿಸಬಹುದು. ನಿಂತಲ್ಲಿಯೇ ಉರಿಸಿದರೆ ಅದು ಕಾಯುವುದು ಇನ್ನೂ ನಿಧಾನ. ಒತ್ತಡದ ಮುಳ್ಳು ನಿಲ್ಲುವಲ್ಲಿಗೆ ಪ್ರಯೋಜನ ಮುಗಿಯುತ್ತದೆ. ಅದರಾಚೆಗೆ ಉರಿಯುವ ಡೀಸೆಲ್ ಅಗ್ನಿಕಾಯಿಕ, ವಾಯುಕಾಯಿಕ ಜೀವಗಳಿಗೂ ನೆರೆಮನೆಯವರಿಗೂ ನಡೆಸುವ ಅನರ್ಥದಂಡ.

ನೆರೆಮನೆಯ ಮಾತು ಸುಮ್ಮನೆ ಬಂದದ್ದಲ್ಲ. ಆ ವ್ಯಾಪಾರಿಗಳು ಬೆಳಗಿನ ಸಾಮಾಯಿಕಕ್ಕೆ ಕುಳಿತಾಗ ಲಾರಿಯ ನರಳಾಟದಿಂದ ಮನಸ್ಸು ಚಂಚಲವಾಗುತ್ತಿತ್ತು. 48 ನಿಮಿಷಗಳಲ್ಲಿ ಅರ್ಧವನ್ನು ಅದೇ ನುಂಗುತ್ತಿತ್ತು. ಲಾರಿಯನ್ನು ಓಣಿಯ ಆಚೆಯ ತುದಿಯಲ್ಲಿ ನಿಲ್ಲಿಸುವಂತೆ ಅವರು ಹೇಳಿದರು. ಚಾಲಕನು ತಲೆ ಕೆರೆದುಕೊಂಡು, “ನಿಲ್ಲಿಸುವ ಧಣಿ. ಆದರೆ ಅಲ್ಲಿ ಹೊಗೆ ನೇರ ಆ ಬಾಣಂತಿ ಮನೆಯೊಳಗೆ ಹೋಗುತ್ತದೆ” ಎಂದನು. ತಮ್ಮ ಸಮತಾಭಾವಕ್ಕಾಗಿ ಹಸುಗೂಸಿನ ಉಸಿರಿಗೆ ಹೊಗೆಯನ್ನು ತಿರುಗಿಸಲು ಹೊರಟದ್ದು ಅವರಿಗೆ ಆಗ ಅರಿವಾಯಿತು. ಅಂದಿನಿಂದ ಲಾರಿ ಇದ್ದಲ್ಲಿಯೇ ಉಳಿಯಿತು, ಆದರೆ ಹಿಂಭಾಗ ಬಯಲಿನ ಕಡೆಗೆ ತಿರುಗಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ಆ ಚಾಲಕನಿಗೆ ಅಷ್ಟು ವರ್ಷಗಳ ಮೊದಲೇ ಅದು ಮೂಗಿನಿಂದ ತಿಳಿದಿತ್ತು.

ಇನ್ನು ಘಾಟಿಯ ಮೇಲಿನ ಅಭ್ಯಾಸಗಳು. ಮಾಸ್ತಿಕಟ್ಟೆ, ಹೊಸನಗರಗಳ ಚಳಿ ಕರಾವಳಿಯವರಿಗೆ ಹೊಸದು. ಹೊಂಬುಜಕ್ಕೆ ಹೋಗಿ ರಾತ್ರಿ ತಂಗಿದ ಯಾತ್ರಿಕರು ಡಿಸೆಂಬರಿನ ಬೆಳಗಿನಲ್ಲಿ ಅಲ್ಲಿನ ನೀರನ್ನು ಮುಟ್ಟಿ ಅದನ್ನು ಅರಿತಿರುತ್ತಾರೆ. ಅಲ್ಲಿ ಕೆಲವು ಚಾಲಕರು ಡೀಸೆಲಿನಲ್ಲಿ ಅದ್ದಿದ ಬಟ್ಟೆಗೆ ಬೆಂಕಿಯಿಟ್ಟು ಇಂಜಿನಿನ ಅಡಿಗೆ ಒಡ್ಡುವುದುಂಟು. ಆಯಿಲ್ ತೆಳುವಾಗುತ್ತದೆ, ನಿಜ. ಆದರೆ ನೆಲದ ಮೇಲಿನ ಇರುವೆ, ಹುಳುಗಳು ಎಷ್ಟು ಸುಟ್ಟುಹೋದುವೆಂದು ಎಣಿಸುವವರಿಲ್ಲ. ಡೀಸೆಲ್ ತೊಟ್ಟಿಕ್ಕುವ ಹಳೆಯ ಲಾರಿಯೇ ಹೊತ್ತಿಕೊಳ್ಳುವ ಭಯವೂ ಇದೆ. ಇನ್ನು ಕೆಲವರು ಪೆಟ್ರೋಲಿನ ಬಟ್ಟೆಯನ್ನು ಗಾಳಿ ಎಳೆಯುವ ಬಾಯಿಗೆ ಹಿಡಿಯುತ್ತಾರೆ. ಪೆಟ್ರೋಲಿನ ಆವಿ ಅಕಾಲದಲ್ಲಿ ಹೊತ್ತಿಕೊಂಡು ಪಿಸ್ಟನ್ನಿಗೆ ಪೆಟ್ಟು ಕೊಡುತ್ತದೆ. ಅಂದು ಎದ್ದ ಲಾರಿ ಮರುದಿನ ಇನ್ನೂ ಕಷ್ಟದಿಂದ ಏಳುತ್ತದೆ.

ಹೆಚ್ಚು ಮಂದಿ ಅನುಸರಿಸುವ ಉಪಾಯವೆಂದರೆ ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬೆಳಗ್ಗೆ ಕಲ್ಲು ತೆಗೆದು ಉರುಳಿಬಿಟ್ಟು ಗೇರಿಗೆ ಹಾಕುವುದು. ಇಂಜಿನು ಏಳುವವರೆಗೆ ಬ್ರೇಕಿಗೆ ಪೂರ್ಣ ಬಲವಿರುವುದಿಲ್ಲವಾದ್ದರಿಂದ ಇದು ಅಪಾಯದ ಆಟ. ಅದಕ್ಕಿಂತ ದೊಡ್ಡದು ಆ ಕಲ್ಲಿನ ಕಥೆ. ಲಾರಿ ಉರುಳಿ, ಇಂಜಿನು ಎದ್ದು, ಎಲ್ಲರೂ ಹಗುರಾದ ಮನಸ್ಸಿನಿಂದ ಹೊರಟುಹೋಗುತ್ತಾರೆ. ಕಲ್ಲು ರಸ್ತೆಯ ಮಧ್ಯದಲ್ಲಿ ಉಳಿಯುತ್ತದೆ. ಮಂಜು ಕವಿದ ತಿರುವಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬರುವವನಿಗೆ ಅದು ಕಾಣುವುದಿಲ್ಲ. ಅವನು ಬಿದ್ದಾಗ ಲಾರಿ ಹತ್ತು ಮೈಲಿ ದಾಟಿರುತ್ತದೆ, ಚಾಲಕನು ತಿಂಡಿ ತಿನ್ನುತ್ತಿರುತ್ತಾನೆ. ಅವನ ಮನಸ್ಸಿನಲ್ಲಿ ದ್ವೇಷವಿಲ್ಲ, ಕೊಲ್ಲುವ ಸಂಕಲ್ಪವಿಲ್ಲ. ಪ್ರಮಾದವನ್ನು ಹಿಂಸೆಯ ಮೂಲವೆಂದು ಆಚಾರ್ಯರು ಏಕೆ ಹೇಳಿದರು ಎಂದು ಕೇಳುವ ಮಕ್ಕಳಿಗೆ ಈ ಕಲ್ಲನ್ನು ತೋರಿಸಿದರೆ ಸಾಕು. ಕೋಟದ ಆ ಚಾಲಕನು ಕಲ್ಲಿಗೆ ಹಗ್ಗ ಕಟ್ಟಿ ಲಾರಿಯ ಹಿಂಭಾಗಕ್ಕೆ ಬಿಗಿದಿದ್ದನು. ಲಾರಿ ಹೋದಲ್ಲಿಗೆ ಕಲ್ಲೂ ಬರಲೇಬೇಕಾಗಿತ್ತು.

2004ರ ಜನವರಿಯಲ್ಲಿ ಲಾರಿಯನ್ನು ಮಾರುವ ಮಾತು ಬಂತು. ಹದಿನಾರು ವರ್ಷಗಳ ಲಾರಿ, ಬೆಳಗಿನಲ್ಲಿ ಮೂರನೆಯ, ನಾಲ್ಕನೆಯ ಸೆಲ್ಫಿಗೆ ಏಳುತ್ತಿತ್ತು. ಕುಂದಾಪುರದ ಮೆಕ್ಯಾನಿಕನೊಬ್ಬನು ರಿಂಗು, ಲೈನರು ಬದಲಿಸಿ ಪಂಪು, ನಾಜಲ್ಲುಗಳನ್ನು ಸರಿಪಡಿಸಲು ಸುಮಾರು 40,000 ರೂಪಾಯಿ ತಗಲುವುದೆಂದು ಹೇಳಿದ್ದನು. ದಲ್ಲಾಳಿಯು ಗಿರಾಕಿಯನ್ನು ಗೊತ್ತುಮಾಡಿ 1,80,000 ರೂಪಾಯಿಗೆ ಮಾತು ಮುಟ್ಟಿಸಿದನು. ಗಿರಾಕಿ ಹೊಸನಗರದ ಕಡೆಯ ಯುವಕ, ಹತ್ತು ವರ್ಷ ಬೇರೆಯವರ ಲಾರಿ ಓಡಿಸಿ, ತಾಯಿಯ ಒಡವೆ ಅಡವಿಟ್ಟು, ತನ್ನದೆಂಬ ಒಂದು ಲಾರಿಗಾಗಿ ಹೊರಟವನು.

ದಲ್ಲಾಳಿಯ ಸಲಹೆ ಸರಳವಾಗಿತ್ತು: “ಅವ ಬರುವುದು ಹತ್ತು ಗಂಟೆಗೆ, ಧಣಿಗಳೇ. ಎಂಟಕ್ಕೇ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿಬಿಡಿ. ಬಿಸಿ ಇಂಜಿನಿಗೆ ಕೀಲಿ ಮುಟ್ಟಿಸಿದರೆ ಸಾಕು, ಹೊಸ ಗಾಡಿಯ ಹಾಗೆ ಏಳುತ್ತದೆ.” ಹಳೆಯ ವಾಹನಗಳ ಪೇಟೆಯಲ್ಲಿ ಇದು ಎಲ್ಲರೂ ಬಲ್ಲ ಉಪಾಯ. ಬಲ್ಲ ಗಿರಾಕಿಯು ಮೊದಲು ಬಾನೆಟ್ಟು ತೆಗೆದು ಇಂಜಿನಿನ ಮೇಲೆ ಅಂಗೈಯಿಟ್ಟು ನೋಡುತ್ತಾನೆ. ಬಿಸಿಯಿದ್ದರೆ ಮರುದಿನ ಬರುವೆನೆಂದು ಹೇಳಿ ಹೋಗುತ್ತಾನೆ.

ಮನೆಯಲ್ಲಿ ಈ ವಿಷಯವಾಗಿ ಮಾತು ನಡೆಯಿತು. ವ್ಯಾಪಾರಿಗಳ ಮಗನು, “ಅಪ್ಪಯ್ಯ, ನಾವೇನೂ ಸುಳ್ಳು ಹೇಳುವುದಿಲ್ಲವಲ್ಲ. ಕೇಳಿದರೆ ಇದ್ದದ್ದನ್ನು ಹೇಳುವ. ಕೇಳದಿದ್ದರೆ ನಾವಾಗಿ ಏಕೆ ಹೇಳಬೇಕು? ಅವನೂ ಲಾರಿ ಓಡಿಸಿದವನೇ, ನೋಡಿ ಕೊಳ್ಳಲಿ” ಎಂದನು. ಮಾತಿನಲ್ಲಿ ತರ್ಕವಿಲ್ಲದೆ ಇರಲಿಲ್ಲ. ಕೊಳ್ಳುವವನು ಮಗುವಲ್ಲ. ಪೇಟೆಯ ಪದ್ಧತಿ ಎಲ್ಲರಿಗೂ ಒಂದೇ. ಮಗಳ ಮದುವೆಯ ಸಾಲ ಇನ್ನೂ ತೀರದಿದ್ದ ಮನೆಗೆ 40,000 ರೂಪಾಯಿ ಸಣ್ಣ ಮೊತ್ತವೂ ಆಗಿರಲಿಲ್ಲ.

ತಂದೆಯವರು ಸ್ವಲ್ಪ ಹೊತ್ತಿನ ಮೇಲೆ, “ತುಪ್ಪಕ್ಕೆ ಡಾಲ್ಡಾ ಬೆರೆಸಿದವನೂ ಬಾಯಿಬಿಟ್ಟು ಸುಳ್ಳು ಹೇಳಿರುವುದಿಲ್ಲ ಮಗಾ. ಡಬ್ಬಿಯೇ ಅವನ ಪರವಾಗಿ ಹೇಳುತ್ತದೆ” ಎಂದರು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಒಂದು ವಸ್ತುವಿನ ಬದಲು ಅದರಂತೆ ಕಾಣುವ ಮತ್ತೊಂದನ್ನು ಮುಂದಿಟ್ಟು ಮಾರುವುದು ಅದರ ತಾತ್ಪರ್ಯ. ಇದನ್ನು ಸತ್ಯವ್ರತದ ಕೆಳಗೆ ಇಡದೆ ಅಚೌರ್ಯದ ಕೆಳಗೆ ಇಟ್ಟಿರುವುದನ್ನು ವ್ಯಾಪಾರಿಗಳಾದವರು ಗಮನಿಸಬೇಕು. ಮಾತಿನಲ್ಲಿ ಸುಳ್ಳಿತ್ತೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಕೊಳ್ಳುವವನ ಕೈಯಿಂದ, ಅವನು ತಿಳಿದು ಕೊಡದ ಹಣವು ತನ್ನ ಕೈಗೆ ಬಂತೋ ಎಂಬುದೇ ಪ್ರಶ್ನೆ. ಎಂಟು ಗಂಟೆಗೆ ಬೆರೆಸಿದ ಬಿಸಿಯು ಲಾರಿಯ ಗುಣವಲ್ಲ, ಆ ಹೊತ್ತಿನ ಪರ್ಯಾಯ. ಸಂಜೆಯೊಳಗೆ ಅದು ಆರಿಹೋಗುತ್ತದೆ. ಆದರೆ ಅದಕ್ಕೆ ತೆತ್ತ ಬೆಲೆ ಮಾರಿದವನ ಪೆಟ್ಟಿಗೆಯಲ್ಲಿ ಉಳಿದುಬಿಡುತ್ತದೆ.

ಇದಕ್ಕೆ ಚಾಲಕನೂ ಒಂದು ಮಾತು ಸೇರಿಸಿದನು. ಕೋಟದಲ್ಲಿ ಮೂರನೆಯ ಸೆಲ್ಫಿಗೆ ಏಳುವ ಲಾರಿಯು ಹೊಸನಗರದ ಜನವರಿಯಲ್ಲಿ ಹತ್ತಕ್ಕೂ ಏಳದು ಎಂದನು. ಕರಾವಳಿಯ ಚಳಿಯಲ್ಲಿ ಸಣ್ಣದಾಗಿ ತೋರುವ ದೋಷ ಘಾಟಿಯ ಮೇಲೆ ದೊಡ್ಡದಾಗುತ್ತದೆ. ಮರೆಮಾಚಿದವನು ಕೆಳಗೆ ಉಳಿಯುತ್ತಾನೆ, ಅದರ ಫಲವನ್ನು ಉಣ್ಣುವವನು ಮೇಲೆ ಇರುತ್ತಾನೆ.

ಯುವಕನಿಗೆ ಹಿಂದಿನ ದಿನವೇ ಬರುವಂತೆ ತಿಳಿಸಲಾಯಿತು. ಸೂರ್ಯಾಸ್ತಕ್ಕೆ ಮೊದಲೇ ಊಟ ಬಡಿಸಿದಾಗ ಅವನು ಆಶ್ಚರ್ಯಪಟ್ಟನು, ಅಂಗಡಿಯ ಜಗಲಿಯಲ್ಲಿ ಮಲಗಿದನು. ಬೆಳಗ್ಗೆ ಐದಕ್ಕೆ ವ್ಯಾಪಾರಿಗಳೇ ಅವನನ್ನು ಎಬ್ಬಿಸಿ, ಬಾನೆಟ್ಟು ತೆಗೆಸಿ, ಇಂಜಿನಿನ ಮೇಲೆ ಕೈಯಿಟ್ಟು ನೋಡಲು ಹೇಳಿದರು. ಅದು ಕಲ್ಲಿನಂತೆ ತಣ್ಣಗಿತ್ತು. ಲಾರಿ ನಾಲ್ಕನೆಯ ಸೆಲ್ಫಿಗೆ ಎದ್ದಿತು, ಓಣಿಯ ತುಂಬ ಬಿಳಿಯ ಹೊಗೆ ಹರಡಿತು. ಮೆಕ್ಯಾನಿಕ್ ಹೇಳಿದ ಮೊತ್ತವನ್ನೂ ಘಾಟಿಯ ಮೇಲೆ ಆಗಬಹುದಾದ ಕಷ್ಟವನ್ನೂ ಅವರು ಮುಚ್ಚಿಡದೆ ತಿಳಿಸಿದರು. ಬೆಲೆಯಲ್ಲಿ 40,000 ರೂಪಾಯಿ ಕಡಿಮೆ ಮಾಡುವುದಾಗಿಯೂ ಹೇಳಿದರು. ಯುವಕನು ಬಹಳ ಹೊತ್ತು ಲಾರಿಯ ಸುತ್ತ ನಡೆದನು. ಬೆಲೆ ಇಳಿದರೂ ರಿಪೇರಿ ಮುಗಿಯುವವರೆಗೆ ಬಾಡಿಗೆಯಿಲ್ಲದೆ ಸಾಲದ ಕಂತು ಕಟ್ಟುವ ಚೈತನ್ಯ ತನಗಿಲ್ಲವೆಂದು ಕೈಮುಗಿದು, ಏಳು ಗಂಟೆಯ ಬಸ್ಸು ಹಿಡಿದು ಹೊರಟುಹೋದನು.

ಇಂತಹ ಪ್ರಸಂಗಗಳ ಕೊನೆಯಲ್ಲಿ ಸತ್ಯವಂತನಿಗೆ ಒಡನೆಯೇ ಲಾಭವಾಯಿತೆಂದು ಹೇಳುವ ರೂಢಿಯಿದೆ. ಇಲ್ಲಿ ಹಾಗಾಗಲಿಲ್ಲ. ದಲ್ಲಾಳಿಯು ಮುನಿದು ಕೆಲವು ತಿಂಗಳು ಅತ್ತ ಸುಳಿಯಲಿಲ್ಲ. ಲಾರಿಯು ನಿಂತಲ್ಲಿಯೇ ನಿಂತಿತು. ಕಡೆಗೆ 41,000 ರೂಪಾಯಿ ಖರ್ಚುಮಾಡಿ ಇಂಜಿನು ಬಿಚ್ಚಿಸಿ ರಿಪೇರಿ ಮಾಡಿಸಿ, ಆ ಬಿಲ್ಲನ್ನು ತೋರಿಸಿಯೇ ಮೇ ತಿಂಗಳಿನಲ್ಲಿ 1,95,000 ರೂಪಾಯಿಗೆ ಮಾರಲಾಯಿತು. ಕೈಗೆ ಉಳಿದದ್ದು 1,54,000. ಮೊದಲಿನ ಮಾತಿಗೆ ಹೋಲಿಸಿದರೆ 26,000 ರೂಪಾಯಿ ಕಡಿಮೆ, ಮೇಲೆ ನಾಲ್ಕು ತಿಂಗಳ ಬಡ್ಡಿ. ಆ ಯುವಕನಿಗಾದರೂ ಒಳ್ಳೆಯದಾಯಿತೇ ಎಂಬುದೂ ತಿಳಿಯಲಿಲ್ಲ. ಅವನು ಬೇರೆಲ್ಲಿಯೋ ಬಿಸಿ ಮಾಡಿ ನಿಲ್ಲಿಸಿದ ಲಾರಿಯನ್ನೇ ಕೊಂಡಿರಬಹುದು. ಹಾಗಾಗಿದ್ದರೆ ಕೋಟದ ಮನೆಯವರು ಕಳೆದುಕೊಂಡದ್ದು ವ್ಯರ್ಥವೆಂದು ಮಗನು ವಾದಿಸಿದನು. ವ್ರತದ ಎಲ್ಲೆ ವ್ರತಿಯ ಅಂಗಡಿಯ ಹೊಸ್ತಿಲಿನವರೆಗೆ ಮಾತ್ರ. ಪೇಟೆಯನ್ನೆಲ್ಲ ತಿದ್ದುವ ಹೊಣೆಯನ್ನು ಯಾವ ಆಚಾರ್ಯರೂ ಗೃಹಸ್ಥನ ಮೇಲೆ ಹೊರಿಸಿಲ್ಲ. ಆದರೆ ಹೊಸ್ತಿಲಿನ ಒಳಗೆ ನಡೆದದ್ದಕ್ಕೆ ಪೇಟೆಯ ಪದ್ಧತಿಯನ್ನು ನೆಪವಾಗಿ ಕೊಡಲು ಬರುವುದಿಲ್ಲ.

ವರ್ಷದ ಲೆಕ್ಕ ಮುಗಿಸುವಾಗ ಗುಮಾಸ್ತನು ಆ 26,000 ರೂಪಾಯಿಯ ವಿಷಯವೆತ್ತಿ, ಒಬ್ಬ ಬಡವನಿಗೆ ಉಪಕಾರವಾದದ್ದರಿಂದ ಅದನ್ನು ಧರ್ಮದ ಖಾತೆಗೆ ಸೇರಿದ್ದೆಂದೇ ತಿಳಿಯಬಹುದು ಎಂದನು. ವ್ಯಾಪಾರಿಗಳು ಒಪ್ಪಲಿಲ್ಲ. “ಕೊಟ್ಟದ್ದಿದ್ದರೆ ದಾನವೆನ್ನಬಹುದು. ಇದು ಇನ್ನೊಬ್ಬನ ಹಣ ನಮ್ಮಲ್ಲಿಗೆ ಬಾರದೆ ಹೋದದ್ದು, ಅಷ್ಟೇ. ಬಾರದ ಹಣಕ್ಕೆ ಖಾತೆ ಎಲ್ಲಿಯದು?” ಎಂದರು.

ಕಾಲ ಬದಲಾಗಿದೆ. 2020ರ ಏಪ್ರಿಲಿನಿಂದ ಮಾರಾಟವಾಗುವ ಹೊಸ ಲಾರಿಗಳಿಗೆ ಭಾರತ್ ಸ್ಟೇಜ್ ಆರನೆಯ ನಿಯಮಗಳು ಅನ್ವಯಿಸಿ, ಹೊಗೆ ಬಹಳ ಕಡಿಮೆಯಾಗಿದೆ. ಹಳೆಯ ವಾಹನಗಳನ್ನು ಗುಜರಿಗೆ ಕಳುಹಿಸುವ ಕೇಂದ್ರದ ನೀತಿಯು 2021ರಲ್ಲಿ ಬಂದಿದೆ. ಆದರೂ ಹಳೆಯ ಲಾರಿಗಳು ಊರೂರಿನಲ್ಲಿ ದುಡಿಯುತ್ತಲೇ ಇವೆ, ಕೈಯಿಂದ ಕೈಗೆ ಮಾರಾಟವಾಗುತ್ತಲೇ ಇವೆ. ಲಾರಿ ಇಲ್ಲದ ವ್ಯಾಪಾರಿಗೂ ತನ್ನದೇ ಆದ ಒಂದು ‘ಬಿಸಿ’ ಇರುತ್ತದೆ. ಮೂಟೆಯ ಬಾಯಲ್ಲಿಟ್ಟ ಒಳ್ಳೆಯ ಅಡಿಕೆ, ಅಂಗಡಿಯ ದೀಪದಲ್ಲಿ ಮಾತ್ರ ಹೊಳೆಯುವ ಸೀರೆ, ಸುಣ್ಣ ಬಳಿದು ತೇವವನ್ನು ಮುಚ್ಚಿದ ಬಾಡಿಗೆಯ ಮನೆಯ ಗೋಡೆ ಎಲ್ಲವೂ ಈ ಬಗೆಯವೇ. ಮಾರುವ ವಸ್ತುವು ಅತಿ ಕಷ್ಟದ ಹೊತ್ತಿನಲ್ಲಿ ಹೇಗಿರುವುದೋ ಅದನ್ನು ಕೊಳ್ಳುವವನಿಗೆ ತೋರಿಸಿ, ಬಳಿಕ ಬೆಲೆ ಹೇಳುವುದನ್ನು ಶ್ರಾವಕರು ನಿಯಮವಾಗಿ ಇಟ್ಟುಕೊಳ್ಳಬಹುದು. ಲಾರಿಯುಳ್ಳವರು ಅದರೊಡನೆ ಇನ್ನೆರಡನ್ನು ಸೇರಿಸಿಕೊಳ್ಳಲಿ: ಕೀಲಿ ತಿರುಗಿಸುವ ಮೊದಲು ಬಗ್ಗಿ ನೋಡುವುದು, ಹೊರಡುವ ಮೊದಲು ರಸ್ತೆಯ ಕಲ್ಲನ್ನು ಎತ್ತಿಕೊಳ್ಳುವುದು.